ಹೊಗೆ ಮೂಸುವ ಕೆಲಸ

ಮೂಗೇಶನನ್ನು ಹರಾಜಿಗಿಟ್ಟರೆ ಕೂಗುವವರು ಹೆಚ್ಚು ಸಿಗಲಾರರು. ಮೈಕಟ್ಟು ಸಾಧಾರಣ, ಮೊಣಕಾಲು ಸವೆದಿದೆ, ನೆತ್ತಿಯ ಮೇಲೆ ಏನೂ ಉಳಿದಿಲ್ಲ. ಇಡೀ ಮನುಷ್ಯನಲ್ಲಿ ಬೆಲೆಬಾಳುವ ಬಿಡಿಭಾಗ ಮೂಗೊಂದೇ. ಹಳೆ ಗಾಡಿಗಳ ವ್ಯಾಪಾರಿ ಅವನನ್ನು ಇಟ್ಟುಕೊಂಡದ್ದೂ ಅದಕ್ಕೇ, ಅಡ್ಡಹೆಸರು ಕಟ್ಟಿದ್ದೂ ಅದರಿಂದಲೇ.

ಕೆಲಸ ಇಷ್ಟೇ. ಯಾರಾದರೂ ಕಾರೋ ವ್ಯಾನೋ ಮಾರಲು ತಂದರೆ ಎಂಜಿನ್ ಚಾಲೂ ಮಾಡಿಸುವುದು, ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸೈಲೆನ್ಸರಿನ ಬಾಯಿಗೆ ಮುಖ ಕೊಡುವುದು. "ಎಣ್ಣೆ ಕುಡೀತಾ ಇದೆ ಯಜಮಾನ್ರೇ," ಎಂದು ಮೂಗೇಶ ಎದ್ದರೆ ಸಾಕು, ವ್ಯಾಪಾರಿ ಮುಖ ಹುಳ್ಳಗೆ ಮಾಡಿಕೊಂಡು ರೇಟು ಇಳಿಸುತ್ತಿದ್ದ. ಊರಲ್ಲಿ ಹಳೆ ಡೀಸೆಲ್ ಗಾಡಿ ಓಡಿಸಬಾರದೆಂದು ಕಾನೂನು ಬಂದಾಗಂತೂ ಇಬ್ಬರಿಗೂ ಕೈತುಂಬ ಕೆಲಸ. ಅಂಥವನ್ನು ಅಗ್ಗಕ್ಕೆ ಹಿಡಿದು, ಆ ಕಾನೂನು ಇನ್ನೂ ತಲುಪದ ಊರುಗಳಿಗೆ ಸಾಗಿಸಿದರು. ಇಲ್ಲಿಯ ಹೊಗೆಗೆ ಅಲ್ಲಿಗೆ ವರ್ಗವಾಯಿತು, ಅಷ್ಟೆ.

ಹೊಗೆ ಅಳೆಯುವ ಯಂತ್ರ ಮಾರುವವನೂ ಒಮ್ಮೆ ಬಂದಿದ್ದ. "ಇದನ್ನ ಪೈಪಿಗೆ ಹಿಡಿದರೆ ಆಯ್ತು ಸಾರ್, ಯಾರೂ ಮೂಸಬೇಕಾಗಿಲ್ಲ."

"ನಮ್ಮ ಯಂತ್ರ ಒಂದು ಲೋಟ ಟೀಗೆ ಓಡುತ್ತಪ್ಪಾ," ಎಂದು ವ್ಯಾಪಾರಿ ಸಾಗಹಾಕಿದ. ಮೂಗೇಶನೂ ಹಲ್ಲು ಬಿಟ್ಟು ನಕ್ಕ.

ಈಚೆಗೆ ಅಂಗಳದಲ್ಲಿ ಬ್ಯಾಟರಿ ಕಾರುಗಳು ಸಾಲುಗಟ್ಟಿದವು. "ಮುಂದೆ ಪ್ರಪಂಚಕ್ಕೆಲ್ಲ ಇವೇ ಅಪ್ಪಾ. ಮೂಗೇಶ ಮಾಮ ಇನ್ನು ಹೂವು ಮೂಸಬೇಕಷ್ಟೆ," ಎಂದು ವ್ಯಾಪಾರಿಯ ಮಗಳು ರೇಗಿಸಿದಳು. ಮೂಗೇಶ ನಗಲಿಲ್ಲ. ಅವನಿಗೆ ಬೇರೆ ದುಡಿಮೆ ಗೊತ್ತಿರಲಿಲ್ಲ.

ಅದೇ ವಾರ ಒಂದು ಡೀಸೆಲ್ ವ್ಯಾನು ಬಂತು. ಗೇಟಿನ ಹತ್ತಿರ ನಿಂತಿದ್ದ ವ್ಯಾಪಾರಿಗೇ ಅದರ ಸುಟ್ಟ ನಾತ ಗಂಟಲು ಹಿಡಿಯಿತು. ಮೂಗೇಶ ಮೂಸಿ, ಯಜಮಾನರ ಮುಖವನ್ನೊಮ್ಮೆ ನೋಡಿ, "ಚಿನ್ನದಂಥ ಎಂಜಿನ್ನು," ಎಂದ.

ವ್ಯಾಪಾರಿಗೆ ಅನುಮಾನ ಬಂತು. ತಮಾಷೆ ನೋಡೋಣವೆಂದು ಟವೆಲಿನ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, "ಮುಖ ಒರೆಸಿಕೊಳ್ಳೋ, ಮಸಿಯಾಗಿದೆ," ಎಂದು ಕೊಟ್ಟ. ಮೂಗೇಶ ಟವೆಲನ್ನು ಮುಖದ ತನಕ ಒಯ್ದ. ಕಣ್ಣಿಗೆ ತಾಗುವಷ್ಟರಲ್ಲಿ ವ್ಯಾಪಾರಿ ಕಿತ್ತುಕೊಂಡ.

"ಯಾವಾಗಿಂದ?"

"ವರ್ಷದ ಮೇಲಾಯ್ತು. ಒಲೆ ಮೇಲೆ ಹಾಲು ಸೀದರೂ ಗೊತ್ತಾಗಲ್ಲ." ಮೂಗೇಶ ಕೆಮ್ಮಿದ, ಕೆಮ್ಮು ಬೇಗ ನಿಲ್ಲಲಿಲ್ಲ. "ಎಂಜಿನ್ ಸದ್ದು ಕೇಳಿ, ನಿಮ್ಮ ಮುಖ ನೋಡಿ ಹೇಳ್ತಿದ್ದೆ. ಇವತ್ತು ಸದ್ದು ನಯವಾಗಿತ್ತು, ನಿಮ್ಮ ಮುಖ ದೂರದಿಂದ ತಿಳೀಲಿಲ್ಲ. ಮೋಸ ಮಾಡಿದೆ, ತಪ್ಪಾಯ್ತು ಯಜಮಾನ್ರೇ. ನಾಳೆಯಿಂದ ಬರಬೇಡ ಅನ್ನಿ, ಹೋಗ್ತೀನಿ."

ಯಂತ್ರದವನನ್ನು ಸಾಗಹಾಕಿದ ತನ್ನ ಮಾತು ವ್ಯಾಪಾರಿಗೆ ನೆನಪಾಯಿತು. ಆ ಮೂಗನ್ನು ತಿಂದವನು ತಾನೇ ಎಂಬ ಮಾತು ಗಂಟಲ ತನಕ ಬಂತು. ಬಾಯಿಂದ ಹೊರಟದ್ದು ಮಾತ್ರ ಬೇರೆ: "ಹೋಗಲಿ ಬಿಡೋ, ಕ್ಷಮಿಸಿದ್ದೀನಿ. ಬ್ಯಾಟರಿ ಗಾಡಿಗಳನ್ನ ಚಾರ್ಜಿಗೆ ಹಾಕ್ಕೊಂಡು ಇರು."

ಮೂಗೇಶ ಕೈಮುಗಿದ.

ಈಗ ವೈರು ಸಿಕ್ಕಿಸುತ್ತ ಓಡಾಡುತ್ತಾನೆ. ಬಂದ ಗಿರಾಕಿಗಳಿಗೆಲ್ಲ, "ನಮ್ಮ ಯಜಮಾನರಂಥ ದೊಡ್ಡ ಮನಸ್ಸು ಯಾರಿಗೂ ಇಲ್ಲ," ಎನ್ನುತ್ತಾನೆ. ಅದು ಕಿವಿಗೆ ಬಿದ್ದಾಗೆಲ್ಲ ವ್ಯಾಪಾರಿ ಏನೋ ಕೆಲಸವಿದ್ದವನಂತೆ ಒಳಗೆ ಹೋಗುತ್ತಾನೆ. ಅವನನ್ನು ಡಾಕ್ಟರ ಹತ್ತಿರವೂ ಕರೆದೊಯ್ದಿದ್ದಾನೆ. ಕಳೆದದ್ದು ಮರಳುವುದು ಕಷ್ಟ ಎಂದರು. ವ್ಯಾಪಾರಿ ಮೂಗೇಶನ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.