ಎಡಗಾಲು ಮುಚ್ಚಿಟ್ಟು ಬಲಗಾಲು ತೋರಿಸಿದ್ದು

ಯಾವ ಕಾಲು ನೋಯುತ್ತದೆ ಎಂದು ಪೈಲ್ವಾನನಾದವನು ಹೆತ್ತ ತಾಯಿಗೂ ಹೇಳಬಾರದು. ಎದುರಾಳಿಗೆ ಗೊತ್ತಾದರೆ ಅವನು ಅದೇ ಕಾಲಿಗೆ ಕೈ ಹಾಕುತ್ತಾನೆ. ಹೀಗಿರುವಾಗ, ಎಪ್ಪತ್ತರ ದಶಕದಲ್ಲಿ, ಜಮಖಂಡಿಯ ನಮ್ಮ ಗರಡಿಗೆ, ನಮಗೆ ಕುಸ್ತಿ ಕಲಿಸುವ ವಸ್ತಾದರು ಒಬ್ಬ ಡಾಕ್ಟರರನ್ನು ಕರೆತಂದರು. "ಇನ್ನ ಮ್ಯಾಲ ಸೋಮವಾರಕ್ಕೊಮ್ಮಿ ಬರ್ತಾರ. ಎಲ್ಲಿ ನೋವ ಐತಿ ಅಂತ ಬಿಚ್ಚಿ ಹೇಳ್ರಿ" ಎಂದುಬಿಟ್ಟರು.

ಪುಕ್ಕಟೆ ಔಷಧ, ಪುಕ್ಕಟೆ ಪಟ್ಟಿ. ಯಾವ ಡಾಕ್ಟರು ಪುಕ್ಕಟೆ ಕೊಟ್ಟಾನು? ಆಮೇಲೆ ತಿಳಿಯಿತು, ಈ ಮಹಾಶಯರು ಗುರುವಾರ ಮುಧೋಳದ ಗರಡಿಗೂ ಹೋಗುತ್ತಾರಂತೆ! ಮುಂದಿನ ತಿಂಗಳು ನನ್ನ ಕುಸ್ತಿ ಇದ್ದದ್ದೇ ಮುಧೋಳದವನ ಸಂಗಡ. ಇದರಲ್ಲೇನೋ ಮಸಲತ್ತು ಇದೆ ಎಂದುಕೊಂಡೆ.

ನನ್ನ ಎಡ ಮೊಣಕಾಲು ಆಗಲೇ ಒಳಗೊಳಗೇ ಕಟಕಟ ಅನ್ನುತ್ತಿತ್ತು. ಬೈಠಕ್ ಹೊಡೆದು ಏಳುವಾಗ ಹಲ್ಲು ಕಚ್ಚುತ್ತಿದ್ದೆ. ಆ ಕಾಲು ಹೋದರೆ ಕುಸ್ತಿಯೂ ಹೋದಂತೆ. ಕುಸ್ತಿ ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ. ಆದರೂ ಡಾಕ್ಟರು "ಎಲ್ಲಿ ನೋವೋ ಪೈಲ್ವಾನ?" ಎಂದಾಗ ಬಲಗಾಲು ಚಾಚಿದೆ. ನೋಡೋಣ, ಸುದ್ದಿ ಎಲ್ಲಿಗೆ ಹೋಗುತ್ತದೋ! ಅವರು ನನ್ನ ಮುಖ ನೋಡಿದರು. "ಒಂಚೂರ ಹೊರಗ ಬಾ" ಎಂದರು. ಗುಟ್ಟು ಕೆದಕಲು ಕರೆಯುತ್ತಿದ್ದಾರೆಂದು ನಾನು ಜಪ್ಪಯ್ಯ ಅಂದರೂ ಕೂತಲ್ಲಿಂದ ಏಳಲಿಲ್ಲ. ಬಲಗಾಲಿಗೇ ಪಟ್ಟಿ ಕಟ್ಟಿದರು. ಅದನ್ನು ಬಿಚ್ಚದೆ ಬಜಾರೆಲ್ಲ ಸುತ್ತಾಡಿದೆ. ಮುಂದಿನ ಸೋಮವಾರಗಳಲ್ಲೂ ಅದೇ ಕಾಲು, ಅದೇ ಪಟ್ಟಿ.

ಕುಸ್ತಿಯ ದಿನ ಮುಧೋಳದವನು ಕೈ ಮಿಲಾಯಿಸಿದವನೇ ನನ್ನ ಬಲಗಾಲಿಗೆ ಬಿದ್ದ. ಸಿಕ್ಕಿಬಿದ್ದಿರಲ್ಲ ಡಾಕ್ಟರ ಸಾಹೇಬರೇ! ಗಟ್ಟಿ ಕಾಲು, ಅವನ ಆಟ ನಡೆಯಲಿಲ್ಲ. ಚಿತ್ ಮಾಡಿ ಬಂದೆ. ಸೋಮವಾರ ಡಾಕ್ಟರು ಗರಡಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಎಲ್ಲರೆದುರು ಒದರಿದೆ: "ಸೋಮವಾರ ಇಲ್ಲಿ ಕೇಳೂದು, ಗುರುವಾರ ಅಲ್ಲಿ ಹೇಳೂದು! ನಾಚಿಕಿ ಬರೂದಿಲ್ಲೇನ್ರೀ?" ವಸ್ತಾದರೂ ನನ್ನನ್ನು ತಡೆಯಲಿಲ್ಲ. ಡಾಕ್ಟರು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮತ್ತೆ ನಮ್ಮ ಗರಡಿಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಬನಹಟ್ಟಿಯ ಚಹಾದಂಗಡಿಯಲ್ಲಿ ಆ ಮುಧೋಳದವನೇ ಸಿಕ್ಕ. "ಡಾಕ್ಟರನ ಮಾತ ಕೇಳಿ ಕೆಟ್ಟೆಲ್ಲಲೇ" ಎಂದು ಚುಡಾಯಿಸಿದೆ. ಅವನು ಬಿದ್ದು ಬಿದ್ದು ನಕ್ಕ. "ಯಾವ ಡಾಕ್ಟರಲೇ? ಪಟ್ಟಿ ಕಟಗೊಂಡ ಬಜಾರ ತುಂಬ ಅಡ್ಡಾಡಿದಾಂವ ನೀನ. ನಮ್ಮ ಮಂದಿ ಕಣ್ಣಾರೆ ನೋಡ್ಯಾರ."

ಥೂ ನನ್ನ ಬುದ್ಧಿಗಿಷ್ಟು! ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಅಷ್ಟರಲ್ಲಿ ಎಡಗಾಲು ಬಾತು ಮಡಚಲು ಬಾರದಂತಾಗಿತ್ತು. ಮಾನ ಮರ್ಯಾದೆ ಬದಿಗಿಟ್ಟು ಡಾಕ್ಟರ ದವಾಖಾನೆಗೆ ಹೋದೆ. "ತಪ್ಪಾತ್ರೀ ಸಾಹೇಬ್ರ" ಎಂದೆ. ಅವರು ಮೊಣಕಾಲು ಒತ್ತಿ ನೋಡಿ, "ಇದ ಕಾಲ ಅಂತ ಮೊದಲನೇ ದಿನಾನ ಗೊತ್ತಿತ್ತು. ನೀ ನಡಕೋತ ಬಂದಾಗನ ಕಂಡಿತ್ತು" ಎಂದರು.

"ಮತ್ತ ಯಾಕ ಹೇಳಲಿಲ್ರೀ?"

"ಅಷ್ಟ ಮಂದಿ ಮುಂದ ನಿನ್ನ ಗುಟ್ಟ ಹೆಂಗ ಹೇಳ್ಲೋ? ಹೊರಗ ಕರದೆ, ನೀ ಬರಲಿಲ್ಲ. ನಂಬಿಕಿ ಬಂದ್ರ ನೀನ ತೋರಸ್ತಿ ಅಂತ ಕಾದೆ."

"ಈಗ ಏನ ಮಾಡೂದ್ರೀ?"

"ಚಂದಾಗಿ ನಡ್ಯಾಕ ಬರೂ ಹಂಗ ಮಾಡತೇನಿ" ಎಂದರು. ಆಮೇಲೆ ದನಿ ಇಳಿಸಿ, "ಕುಸ್ತಿ ಮರತಬಿಡಪಾ" ಎಂದರು.

ಪೈಲ್ವಾನ ಎನ್ನಿಸಿಕೊಂಡ ನಾನು ಅವರ ಕೈ ಹಿಡಿದು ಗಳಗಳನೆ ಅತ್ತುಬಿಟ್ಟೆ.