ಮೇಲಿನ ಕಿಟಕಿಯವಳು

ಹಡಗು ಬಂದ ದಿನ ಡೆಲ್ಫಿನಾಳ ರೊಟ್ಟಿಯಂಗಡಿಗೆ ಎರಡು ಬಗೆಯ ಜನ ಬರುತ್ತಿದ್ದರು. ಬಾವುಟ ಹಿಡಿದ ಮಾರ್ಗದರ್ಶಿಯ ಬೆನ್ನು ಬಿದ್ದವರು ಒಂದು ಬಗೆ. ಅವರು ಈರುಳ್ಳಿ ಹರಡಿದ ಫೊಕಾಚಾ ರೊಟ್ಟಿಯನ್ನು ಬಿಸಿಬಿಸಿಯಾಗಿ ಕೊಂಡು, ಬಾಯಿ ಸುಟ್ಟುಕೊಳ್ಳುತ್ತಲೇ ಬಸ್ಸಿನ ಕಡೆ ಓಡುತ್ತಿದ್ದರು. ಇನ್ನೊಂದು ಬಗೆಯವರಿಗೆ ಗುಂಪಿನ ಹಂಗಿರಲಿಲ್ಲ. ದೂರದಲ್ಲಿ ಲಂಗರು ಹಾಕಿದ ಹಡಗಿನಿಂದ ಕೊನೆಯ ದೋಣಿಗಳಲ್ಲಿ ಬಂದಿಳಿದು, ಕಟ್ಟೆಯ ಮೇಲೆ ಕೂತು ಬಲೆ ಹೆಣೆಯುವವರನ್ನು ನೋಡಿ, ನೆರಳು ಕಂಡ ಕಡೆಗೆ ತಿರುಗುತ್ತ ನಿಧಾನವಾಗಿ ಬರುವವರು ಅವರು. ಸಾಂತಾ ಮಾರ್ಗರಿತಾ ಊರಿನ ಗೋಡೆಗಳನ್ನು ತಲೆಯೆತ್ತಿ ನೋಡುತ್ತಿದ್ದವರೂ ಅವರೇ. ಹಾಗಾಗಿ ಅವರನ್ನು ಕಂಡರೆ ಡೆಲ್ಫಿನಾಗೆ ಒಳಗೊಳಗೇ ಅಳುಕು.

ಅಂಗಡಿಯ ಹೊಸ್ತಿಲು ದಾಟಿದವರು ಅವಳನ್ನು ಕಂಡು ಒಂದು ಕ್ಷಣ ನಿಂತುಬಿಡುತ್ತಿದ್ದರು. ಆಮೇಲೆ ತಮಗೆ ಬಂದಷ್ಟು ಇಟಾಲಿಯನ್ನಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದರು:

"ಈಗಷ್ಟೇ ಮೇಲಿನ ಕಿಟಕೀಲಿ ಇದ್ರಲ್ಲ, ಇಷ್ಟು ಬೇಗ ಹೇಗೆ ಇಳಿದು ಬಂದ್ರಿ?"

ಮೇಲೆ ಕಿಟಕಿಯೇ ಇರಲಿಲ್ಲ. ದಂಡೆಯ ಮನೆಗಳಿಗೆ ಬರಿಗೋಡೆಯೆಂದರೆ ಆಗದು. ಕಿಟಕಿ ಇಲ್ಲದ ಕಡೆ ಕಿಟಕಿ ಬರೆಸುವುದು ಅಲ್ಲಿನ ರೂಢಿ. ಹಸಿರು ಬಾಗಿಲು, ಕಲ್ಲಿನ ಚೌಕಟ್ಟು, ಅದರ ನೆರಳು ಎಲ್ಲವೂ ಬಣ್ಣದ್ದೇ. ಸಮುದ್ರದಿಂದ ಮರಳುವವರು ಅದನ್ನು ನೋಡಿಯೇ ತಮ್ಮ ಮನೆ ಯಾವುದೆಂದು ಗುರುತಿಸಬೇಕು. ಡೆಲ್ಫಿನಾಳ ತಂದೆ ಜೆರೋಲಮೊ ಊರಿನ ಅರ್ಧ ಕಿಟಕಿಗಳನ್ನು ಬರೆದವನು. ತನ್ನ ಮನೆಯ ಕಿಟಕಿಯಲ್ಲಿ ಮಾತ್ರ ಅವನು ಒಬ್ಬ ಹೆಣ್ಣನ್ನು ಬರೆದಿದ್ದ. ಅವಳು ಒಂದು ಕೈಯಿಂದ ಬಾಗಿಲನ್ನು ತಳ್ಳಿ ಸಮುದ್ರದ ಕಡೆ ನೋಡುತ್ತಿದ್ದಳು.

ಅದು ಕೊಲೊಂಬಾ ಎಂದು ಊರಿಗೆಲ್ಲ ಗೊತ್ತು. ಡೆಲ್ಫಿನಾಳ ಅಕ್ಕ ಕೊಲೊಂಬಾ ಹತ್ತೊಂಬತ್ತರ ಹರೆಯದಲ್ಲಿ, ಒಂದು ತಿಳಿಯಾದ ಬೆಳಿಗ್ಗೆ ಚಿಕ್ಕಪ್ಪನ ದೋಣಿ ಬಿಚ್ಚಿಕೊಂಡು ಹೋದಳು. ದೋಣಿ ಭೂಶಿರದ ಆಚೆ ಸಿಕ್ಕಿತು, ಹುಟ್ಟುಗಳು ಒಳಗೇ ಇದ್ದವು. ಅವಳು ಸಿಗಲಿಲ್ಲ. ಆ ಚಳಿಗಾಲದಲ್ಲೇ ತಂದೆ ಏಣಿ ಹತ್ತಿದ್ದು. ಯಾರನ್ನು ಬರೆದೆ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ತಾಯಿ ಬೀದಿಗೆ ಬಂದು ಒಮ್ಮೆ ನೋಡಿ ಒಳಗೆ ಹೋದಳು. ಮತ್ತೆ ಆ ಗೋಡೆಯ ಕಡೆ ತಿರುಗಲಿಲ್ಲ.

ಉಪ್ಪುಗಾಳಿಗೆ ಬಣ್ಣ ಬಹುಕಾಲ ನಿಲ್ಲುವುದಿಲ್ಲ. ಗೋಡೆಗೆ ಸುಣ್ಣ ಹೊಡೆದು ಹೊಸದಾಗಿ ಬರೆಯುವಾಗಲೆಲ್ಲ ಜೆರೋಲಮೊ ಕಿಟಕಿಯವಳಿಗೆ ವಯಸ್ಸು ಕೂಡಿಸುತ್ತಿದ್ದ. ಇಂದು ಬಂದರೆ ಇಂದಿನ ಮುಖವೇ ಕಾಣಬೇಕು ಎನ್ನುವುದು ಅವನ ಲೆಕ್ಕ. ಎರಡನೆಯ ಸಲದಿಂದ ಅವನು ಡೆಲ್ಫಿನಾಳನ್ನು ಬೀದಿಯಲ್ಲಿ ಮುಕ್ಕಾಲಿಯ ಮೇಲೆ ಕೂರಿಸಿ, ಗಲ್ಲ ಮೇಲೆತ್ತಿಸಿ, ಅವಳ ಮುಖವನ್ನು ಗೋಡೆಗೆ ಏರಿಸತೊಡಗಿದ. ಅಕ್ಕತಂಗಿಯರ ದವಡೆ ಒಂದೇ ಎಂದು ಊರವರು ಸಮಾಧಾನ ಹೇಳಿಕೊಂಡರು.

ಹೀಗೆ ಡೆಲ್ಫಿನಾ ತನ್ನ ಮುಖವನ್ನು ಅಕ್ಕನಿಗೆ ಕಡ ಕೊಟ್ಟು ಬದುಕಿದಳು. ಕಿಯಾವರಿಯ ಬಡಗಿಯೊಬ್ಬ ಮದುವೆಯಾಗಿ ತನ್ನೂರಿಗೆ ಬಾ ಎಂದಾಗ ಹೋಗಲಿಲ್ಲ. ಹೋದರೆ ತಂದೆ ಯಾರನ್ನು ನೋಡಿ ಬರೆಯಬೇಕು? ಕೂದಲು ಗಿಡ್ಡ ಮಾಡಿಸಿಕೊಳ್ಳುವ ಆಸೆಯಾದಾಗ, ಕೊಲೊಂಬಾ ಎಂದೂ ಕತ್ತರಿಸಿಕೊಂಡಿರಲಿಲ್ಲ ಎಂಬುದು ನೆನಪಾಯಿತು. ಕನ್ನಡಿಯ ಮುಂದೆ ಮೊದಲ ನರೆಗೂದಲು ಕಂಡಾಗ ಇದು ತನ್ನದೋ ಮೇಲಿನವಳದೋ ಎಂಬ ಸಂಶಯ ಹುಟ್ಟಿತು. ಹಿಟ್ಟು ನಾದುವ ಮುಂಜಾವುಗಳಲ್ಲಿ, ತಲೆಯ ಮೇಲಿನ ಗೋಡೆಯಾಚೆ ಯಾರೋ ಕಾಲು ಬದಲಿಸಿ ನಿಂತಂತೆ ಕೇಳುತ್ತಿತ್ತು. ಆಚೆ ನಿಲ್ಲಲು ಸ್ಥಳವೇ ಇರಲಿಲ್ಲ. ಹಾಗೆ ಕೇಳಿದಾಗಲೆಲ್ಲ ಅವಳು ಹಿಟ್ಟನ್ನು ಇನ್ನಷ್ಟು ಒತ್ತಿ ನಾದುತ್ತಿದ್ದಳು.

ತಂದೆ ತೀರಿಹೋದ ಮೇಲೆ ಕಿಟಕಿಯವಳ ವಯಸ್ಸು ಅಲ್ಲಿಗೇ ನಿಂತಿತು. ಡೆಲ್ಫಿನಾ ಅವಳನ್ನು ದಾಟಿ ಮುಂದೆ ನಡೆದಳು. ಈಚೆಗೆ ನಿಧಾನದ ಜನ ಕೇಳುವ ಮಾತೂ ಬದಲಾಗಿತ್ತು: "ಮೇಲಿರೋದು ನಿಮ್ಮ ತಂಗಿನಾ?"

ಈ ವಸಂತದಲ್ಲಿ ಮನೆಯ ಮುಖಕ್ಕೆ ಹೊಸ ಬಣ್ಣ ಹೊಡೆಸುವುದೆಂದು ಕಟ್ಟಡದ ನಿವಾಸಿಗಳು ತೀರ್ಮಾನಿಸಿದರು. ಅಟ್ಟಣೆ ಎದ್ದಿತು. ಎದುರು ಮೀನು ಮಾರುವ ಬತ್ತಿಸ್ತೀನಾ ಕೈ ಒರೆಸಿಕೊಳ್ಳುತ್ತ ಕೂಗಿದಳು:

"ನಿನ್ನ ಬಾಡಿಗೆಯವಳಿಗೆ ಮುಖ ತೊಳೆಸೋ ಕಾಲ ಬಂತು ಕಣೇ. ಅವಳಂಥ ಬಾಡಿಗೆಯವಳು ಯಾರಿಗೆ ಸಿಗ್ತಾಳೆ ಹೇಳು, ಒಲೆ ಹಚ್ಚಲ್ಲ, ಜಗಳ ಆಡಲ್ಲ."

"ಬಾಡಿಗೇನೂ ಕೊಡಲ್ಲ" ಎಂದಳು ಡೆಲ್ಫಿನಾ.

ಬಣ್ಣದ ಇವೊ ಒಂದು ಕಾಲದಲ್ಲಿ ಜೆರೋಲಮೊನ ಕೈಕೆಳಗೆ ಪಳಗಿದವನು, ಈಗ ತಾನೇ ಅಜ್ಜನಾದವನು. ಅವನು ಮುಕ್ಕಾಲಿಯನ್ನು ಬೀದಿಗೆ ತಂದಿಟ್ಟೇ ಅವಳನ್ನು ಕರೆದ. ಡೆಲ್ಫಿನಾ ಕೂರಲಿಲ್ಲ. ತನಗೆ ಬೇಕಾದದ್ದು ಒಂದೇ ಎಂದು ವಿವರಿಸಿದಳು. ಅಕ್ಕನ ಫೋಟೊಗಳನ್ನೆಲ್ಲ ತಾಯಿ ತನ್ನ ಶವಪೆಟ್ಟಿಗೆಯಲ್ಲಿ ಇಡಿಸಿಕೊಂಡಿದ್ದಳು. ವರ್ಷಗಳು ಕಳೆದಂತೆ ಕೊಲೊಂಬಾಳ ಮುಖ ತನ್ನ ನೆನಪಿನಿಂದಲೂ ಅಳಿಸಿಹೋಗಿತ್ತು. ನೆನೆದರೆ ಕಾಣುವುದು ತನ್ನದೇ ಮುಖ. ಆದರೆ ಗೋಡೆಯ ಅಡಿಯಲ್ಲಿ, ಎಲ್ಲ ಪದರಗಳ ಕೆಳಗೆ, ತಂದೆ ಮೊದಲ ಚಳಿಗಾಲದಲ್ಲಿ ಬರೆದದ್ದು ಇದೆ. ಆ ಸಲ ಅವನು ಡೆಲ್ಫಿನಾಳನ್ನು ಕೂರಿಸಿರಲಿಲ್ಲ, ಮನಸ್ಸಿನಿಂದಲೇ ಬರೆದಿದ್ದ. ಈ ಲೋಕದಲ್ಲಿ ಕೊಲೊಂಬಾಳ ಮುಖ ಉಳಿದಿದ್ದರೆ ಅಲ್ಲಿ ಮಾತ್ರ.

"ಅದು ಸಿಕ್ಕಿದ್ರೆ ಅದನ್ನೇ ಬರಿ. ಅವಳ ಮುಖ ಅವಳಿಗೆ ಹೋಗ್ಲಿ, ನಂದು ನನಗೆ ಬರ್ಲಿ."

"ಕೆರೀವಾಗ ಅದೂ ಉದುರಿಹೋಗ್ಬಹುದು, ಡೆಲ್ಫಿನಾ. ಆಮೇಲೆ ನನ್ನನ್ನ ಬೈಬಾರ್ದು."

ಅವಳು ಅಂಗಡಿಯ ಬಾಗಿಲು ಹಾಕಿ, ಏಪ್ರನ್ನಿನಲ್ಲೇ ಅಟ್ಟಣೆ ಹತ್ತಿದಳು. ಇಷ್ಟು ವರ್ಷಗಳಲ್ಲಿ ಕಿಟಕಿಯವಳ ಎದುರು ಸಮಸಮ ನಿಂತದ್ದು ಅದೇ ಮೊದಲು. ಹತ್ತಿರದಿಂದ ನೋಡಿದರೆ ಅಲ್ಲಿ ಮುಖವೇ ಇರಲಿಲ್ಲ, ಒಂದಿಷ್ಟು ಕಂದು ಗೀಟುಗಳು ಮಾತ್ರ. ಬೀದಿಯವರೆಗೆ ಹಿಂದೆ ಸರಿದರೆ ಮಾತ್ರ ಮುಖವಾಗುವಂತೆ ತಂದೆ ಬರೆದಿದ್ದ.

ಇವೊ ಚಪ್ಪಟೆ ಉಳಿಯಿಂದ ಮೆಲ್ಲನೆ ಕೆರೆಯತೊಡಗಿದ. ಸುಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ನಡುವಯಸ್ಸಿನವಳು ಹೋದಳು, ಬಡಗಿಗೆ ಇಲ್ಲವೆಂದ ವರ್ಷದವಳು ಕಂಡಳು, ಅವಳೂ ಹೋದಳು. ಡೆಲ್ಫಿನಾ ತನ್ನ ಪ್ರಾಯವೆಲ್ಲ ಏಪ್ರನ್ನಿನ ಮೇಲೆ ಹುಡಿಯಾಗಿ ಬೀಳುವುದನ್ನು ನೋಡುತ್ತ ನಿಂತಳು. ಕೆಳಗಿನ ಪದರ ಗಟ್ಟಿಯಾಗಿತ್ತು. ಹಸಿ ಗಾರೆಯ ಮೇಲೇ ಬರೆದದ್ದರಿಂದ ಬಣ್ಣ ಗೋಡೆಗೆ ಇಳಿದುಹೋಗಿತ್ತು. ಇಲ್ಲಿಯ ಗೀಟುಗಳು ನವಿರಾಗಿದ್ದು, ಹತ್ತಿರದಿಂದಲೂ ಮುಖ ತಿಳಿಯುವಂತಿತ್ತು. ಇವೊ ಒದ್ದೆ ಸ್ಪಂಜಿನಿಂದ ಒರೆಸಿ, ನೋಡಿ, ಪಕ್ಕಕ್ಕೆ ಸರಿದ.

ಅದು ಹತ್ತೊಂಬತ್ತರ ಹೆಣ್ಣಲ್ಲ. ಬಿಗಿಯಾಗಿ ಜಡೆ ಹಾಕಿದ, ಕೆನ್ನೆ ಇನ್ನೂ ದುಂಡಗಿದ್ದ ಎಳೆಯ ಹುಡುಗಿ. ಎಡಹುಬ್ಬು ನಡುವೆ ಸೀಳಿತ್ತು. ಡೆಲ್ಫಿನಾ ಚಿಕ್ಕಂದಿನಲ್ಲಿ ಕಟ್ಟೆಯ ಮೇಲಿಂದ ಬಿದ್ದು ಹುಬ್ಬು ಒಡೆದುಕೊಂಡಿದ್ದಳು. ಕೊಲೊಂಬಾಗೆ ಅಂಥ ಗುರುತು ಇರಲಿಲ್ಲ. ಅಕ್ಕ ಹೋದಾಗ ತನಗೆ ಹದಿನಾಲ್ಕು.

ಅವಳ ಬೆರಳು ತಾನಾಗಿ ಹುಬ್ಬಿನ ಮೇಲೆ ಹೋಯಿತು. ತಂದೆ ಯಾವ ಕಾಲಕ್ಕೂ ಕೊಲೊಂಬಾಳನ್ನು ಬರೆದಿರಲೇ ಇಲ್ಲ. ಸಮುದ್ರಕ್ಕೆ ಹೋದವಳು ಹಿಂತಿರುಗಿ ನೋಡಿದರೆ ಕಿಟಕಿಯಲ್ಲಿ ತನ್ನನ್ನೇ ಕಂಡು ಏನು ಮಾಡಿಯಾಳು? ಅಲ್ಲಿ ಇರಬೇಕಾದವಳು ಕಾಯುವವಳು. ತಾಯಿಗೆ ಅದು ಆ ದಿನವೇ ತಿಳಿದಿರಬೇಕು; ಅದಕ್ಕೇ ಆಕೆ ಮತ್ತೆ ಆ ಕಡೆ ನೋಡಲಿಲ್ಲ. ಕಡ ಕೊಟ್ಟೆನೆಂದು ಡೆಲ್ಫಿನಾ ತಿಳಿದ ಮುಖ ಮೊದಲಿನಿಂದಲೂ ಅವಳದೇ ಆಗಿತ್ತು. ಅಕ್ಕನ ಮುಖ ಎಲ್ಲಿಯೂ ಇರಲಿಲ್ಲ.

ಕೆಳಗಿನಿಂದ ಬತ್ತಿಸ್ತೀನಾ ಏನು ಸಿಕ್ಕಿತೆಂದು ಕೇಳಿದಳು. ಅಷ್ಟರಲ್ಲಿ ಗಿರಾಕಿ ಬಂದದ್ದರಿಂದ ಅವಳು ತಕ್ಕಡಿಯ ಕಡೆ ತಿರುಗಿಕೊಂಡಳು.

"ಈಗ ಏನ್ ಬರೀಲಿ?" ಎಂದು ಇವೊ ಕೇಳಿದ.

ಡೆಲ್ಫಿನಾ ಸಮುದ್ರವನ್ನು ನೋಡಿದಳು. ಆ ಎತ್ತರದಿಂದ ಭೂಶಿರದ ಆಚೆಯೂ ಕಾಣುತ್ತಿತ್ತು.

"ಕಿಟಕಿ ಬಾಗಿಲು ಎರಡೂ ಪೂರ್ತಿ ತೆರೆದಿರ್ಲಿ."

"ಒಳಗೆ?"

"ಯಾರೂ ಬೇಡ. ಅವಳು ಬಾಗಿಲು ತೆಗೆಯೋಕೆ ಕೆಳಗೆ ಹೋಗಿದ್ದಾಳೆ."

ಇವೊ ಜಡೆಯ ಹುಡುಗಿಯ ಮೇಲೆ ತೆಳುವಾಗಿ ಗಾರೆ ಬಳಿದು, ಅವಳು ಹೇಳಿದ ಹಾಗೆಯೇ ಬರೆದ. ಅಟ್ಟಣೆ ಬಿಚ್ಚಿದ ವಾರವೇ ಹಡಗು ಬಂತು. ಬಾವುಟದವರು ಬಂದು ಹೋದರು. ಅಂಗಡಿ ತಣ್ಣಗಾದ ಹೊತ್ತಿಗೆ ಕಟ್ಟೆಯ ಕಡೆಯಿಂದ ಒಬ್ಬ ಮುದುಕಿ ಕೋಲೂರಿಕೊಂಡು, ಒಂಟಿಯಾಗಿ, ಯಾವ ಅವಸರವೂ ಇಲ್ಲದೆ ಬಂದಳು. ಡೆಲ್ಫಿನಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಮುದುಕಿ ಮನೆಯ ಎದುರು ನಿಂತು, ತಲೆಯೆತ್ತಿ, ಕಣ್ಣು ಕಿರಿದಾಗಿಸಿ ನೋಡಿದಳು. ಆಮೇಲೆ ಮೇಲಿನ ಬರಿದಾದ ಕಿಟಕಿಯ ಕಡೆ, ಪರಿಚಯದವರಿಗೆ ಎತ್ತುವಂತೆ, ಕೈ ಎತ್ತಿದಳು.

ಡೆಲ್ಫಿನಾ ಮೇಲೆ ನೋಡಲಿಲ್ಲ. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಒಳಬರುವವರಿಗೆ ದಾರಿ ಬಿಟ್ಟು, ಒಂದು ಪಕ್ಕಕ್ಕೆ ಸರಿದು ನಿಂತಳು.