ಅಕ್ಕನ ಊರಿಗೆ ಮುತ್ತಿಗೆ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೀಗದವನ ಅಂಗಡಿ. ಅಂಗಡಿ ಎನ್ನುವುದೂ ದೊಡ್ಡ ಮಾತೇ; ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಗೋಡೆಯ ಮೊಳೆಗಳಿಗೆ ಇನ್ನೂ ಹಲ್ಲು ಕೊರೆಯದ ಕೀಲಿಗಳು, ಮೂಲೆಯಲ್ಲಿ ಕೀಲಿ ಕೊರೆಯುವ ಯಂತ್ರ, ನೆಲದ ಮೇಲೆ ಯಾವಾಗಲೂ ಹಿತ್ತಾಳೆಯ ಪುಡಿ. ಎಂಥ ಬೀಗವಾದರೂ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಮಾತಿನಲ್ಲಿ ಮಾತ್ರ ಅಷ್ಟಕ್ಕಷ್ಟೆ.

ಇದೇ ಮನುಷ್ಯ ಮೊಬೈಲಿನಲ್ಲಿ ಒಂದು ರಾಜ್ಯದ ಒಡೆಯ. ಆ ಯುದ್ಧದಾಟದ ಹುಚ್ಚು ಹಿಡಿಸಿದವಳು ಅಕ್ಕನ ಮಗಳು. ಮನೆಯವರೂ ಪರಿಚಯದವರೂ ಸೇರಿ ಆಡಬೇಕು; ಒಬ್ಬೊಬ್ಬರಿಗೆ ದಿನಕ್ಕೆ ಒಂದೇ ಸರದಿ. ಆ ಸರದಿಯಲ್ಲಿ ಹೊಲ ಉಳಬಹುದು, ಕೋಟೆ ಕಟ್ಟಬಹುದು, ಸೈನ್ಯ ನಡೆಸಬಹುದು. ಮುಗಿಸಿದವರ ಹೆಸರಿನ ಪಕ್ಕ ಹಸಿರು ಚುಕ್ಕೆ ಬೀಳುತ್ತದೆ. ರಾಜಧಾನಿ ಕಳೆದುಕೊಂಡವರು ಆಟದಿಂದ ಆಚೆ. ಹುಡುಗಿ ಓದಿಗೆಂದು ಬೇರೆ ಊರಿಗೆ ಹೋದವಳು ಆಟ ಮರೆತಳು, ದೊಡ್ಡವರು ಮಾತ್ರ ಬಿಡಲಿಲ್ಲ. ಕೊನೆಗೆ ಉಳಿದವರು ಮೂವರು: ಬೀಗದವನು, ಅವನ ಜತೆ ಒಪ್ಪಂದ ಮಾಡಿಕೊಂಡಿದ್ದ ಪಕ್ಕದಂಗಡಿಯ ಕ್ಷೌರಿಕ, ಮತ್ತು ಅಕ್ಕ.

ಅಕ್ಕ ಊರಿನ ಇನ್ನೊಂದು ತುದಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮನೆ ನಡೆಸಿದ ಹಾಗೆಯೇ ಅವಳ ರಾಜ್ಯಭಾರ: ಮೊದಲು ಕಣಜ, ಆಮೇಲೆ ಬಾವಿ, ಸೈನಿಕರೆಲ್ಲ ಕೊನೆಗೆ. ರಾಜಧಾನಿಗೆ ಅವಳಿಟ್ಟ ಹೆಸರು ‘ತವರು’. ಅದೂ ಬೀಗದವನ ರಾಜಧಾನಿಯೂ ಅಕ್ಕಪಕ್ಕ. ನಡುವೆ ಒಂದು ಸಣ್ಣ ಗುಡ್ಡ ಅಷ್ಟೆ.

ಇಬ್ಬರಿಗೂ ಮಾತು ನಿಂತು ಎರಡು ವರ್ಷ. ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ, ತುಕ್ಕು ಹಿಡಿದು ಮೂಲೆ ಸೇರಿದ್ದ ಅಮ್ಮನ ಹೊಲಿಗೆ ಯಂತ್ರವನ್ನು ಇವನು ಗುಜರಿಗೆ ಹಾಕಿಬಿಟ್ಟ. ಅಕ್ಕ ಹೊಲಿಗೆ ಕಲಿತದ್ದು ಅದರಲ್ಲೇ. “ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?” ಎಂದಳು. ತಪ್ಪಾಯಿತು ಅನ್ನುವುದು ಬಿಟ್ಟು ಈ ಮಹಾರಾಯ, “ಅದು ಓಡ್ತಾನೇ ಇರ್ಲಿಲ್ವಲ್ಲಕ್ಕಾ” ಎಂದ. ಅಂದಿನಿಂದ ಅಕ್ಕ ಫೋನ್ ಎತ್ತುವುದಿಲ್ಲ. ಆದರೆ ಆಟವನ್ನು ಅವಳೂ ಬಿಡಲಿಲ್ಲ, ಇವನೂ ಬಿಡಲಿಲ್ಲ. ಬೆಳಗ್ಗೆ ಷಟರ್ ಎತ್ತಿದ ಕೂಡಲೇ ಇವನು ನೋಡುತ್ತಿದ್ದದ್ದು ಅಕ್ಕನ ಹಸಿರು ಚುಕ್ಕೆ. ಚುಕ್ಕೆ ಬಿದ್ದಿದ್ದರೆ ಅಕ್ಕ ಎದ್ದಿದ್ದಾಳೆ, ಆರಾಮಾಗಿದ್ದಾಳೆ ಎಂದು ಅರ್ಥ. ಆಮೇಲೆಯೇ ಅವನಿಗೆ ಟೀ ರುಚಿಸುತ್ತಿದ್ದದ್ದು.

ಕ್ಷೌರಿಕನ ಮಾತಿಗೆ ಕಟ್ಟುಬಿದ್ದು ಅಕ್ಕನ ಉಳಿದ ಊರುಗಳನ್ನೆಲ್ಲ ಗೆದ್ದಾಗಿತ್ತು. ತವರೊಂದೇ ಬಾಕಿ. ಅದರ ಸುತ್ತ ಬೀಗದವನ ಸೈನ್ಯ ಬೀಡುಬಿಟ್ಟು ವಾರಗಳೇ ಕಳೆದರೂ ಒಂದು ಬಾಣ ಬಿಟ್ಟಿರಲಿಲ್ಲ. ಸೈನಿಕರಿಗೆ ದಣಿವು, ಏಣಿ ಸಾಲದು ಎಂದು ದಿನಕ್ಕೊಂದು ನೆಪ. ತವರು ಬಿದ್ದರೆ ಅಕ್ಕ ಆಟದಿಂದ ಹೋಗುತ್ತಾಳೆ, ಆ ಚುಕ್ಕೆಯೂ ಹೋಗುತ್ತದೆ. ಇದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಕ್ಷೌರಿಕ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಅವನನ್ನು ಹಾಗೇ ಕೂರಿಸಿ, ಬ್ರಶ್ ಹಿಡಿದೇ ಓಡಿಬಂದ.

“ಇದೇನೋ ಇದು? ಆಟದ ಸುದ್ದಿ ಪುಟ ಇವತ್ತು ತೆಗೆದು ನೋಡ್ತೀನಿ, ದಿನಾ ನಿನ್ನ ಊರಿಂದ ತವರಿಗೆ ಧಾನ್ಯ ಹೋಗಿದೆ! ಮುತ್ತಿಗೆ ಹಾಕಿದೋನೇ ಬುತ್ತಿ ಕಳಿಸ್ತಾನೇನೋ?”

ಕದ್ದು ಕಳಿಸಿದ್ದು ಎಲ್ಲರಿಗೂ ಕಾಣುತ್ತದೆ ಎಂದು ಬೀಗದವನಿಗೆ ಗೊತ್ತೇ ಇರಲಿಲ್ಲ. ಮುಖ ಕೆಂಪಾಯಿತು.

“ಒಳಗೆ ಜನ ಹಸ್ಕೊಂಡಿರ್ತಾರಲ್ಲ” ಎಂದ.

“ಯಾವ ಜನನಪ್ಪ? ಫೋನಲ್ಲಿರೋ ಜನಕ್ಕೆ ಹೊಟ್ಟೆ ಇದ್ಯಾ? ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು. ನನ್ನ ಆನೆಗಳು ಹೊಳೆ ಹತ್ರ ಬಂದಿವೆ. ನಾಳೆ ನಾನೇ ಮುಗಿಸ್ತೀನಿ.”

ಕ್ಷೌರಿಕ ಆಡಿದರೆ ಮಾಡುವವನೇ. ಬೀಗದವನು ಕೊರೆಯುವ ಯಂತ್ರ ನಿಲ್ಲಿಸಿದ. ಕೀಲಿಗೆಂದು ಬಂದವರನ್ನು ಸಂಜೆ ಬನ್ನಿ ಎಂದು ಸಾಗಹಾಕಿ ಫೋನ್ ಹಿಡಿದು ಕೂತ. ತವರಿನ ಸುತ್ತಲಿದ್ದ ಸೈನ್ಯವನ್ನೆಲ್ಲ ಎಬ್ಬಿಸಿದ. ಅದೂ ಸಾಲದು ಅನ್ನಿಸಿ ತನ್ನ ರಾಜಧಾನಿಯ ಕಾವಲುಪಡೆಯನ್ನೂ ಕಟ್ಟಕಡೆಯ ಸೈನಿಕನವರೆಗೆ ಸೇರಿಸಿಕೊಂಡು ಹೊಳೆಯತ್ತ ಹೊರಟ. ಒಪ್ಪಂದವನ್ನು ಗಾಳಿಗೆ ತೂರಿ ಗೆಳೆಯನ ಆನೆಗಳ ಮೇಲೆ ಬಿದ್ದ. ಒಂದೂ ಉಳಿಯಲಿಲ್ಲ.

ಗೋಡೆಯಾಚೆಯಿಂದ ದಬದಬ ಬಡಿದ ಸದ್ದು. “ದ್ರೋಹಿ! ಇನ್ನು ನಿನ್ನ ತಲೆಗೆ ಕತ್ತರಿ ಹಾಕಿದ್ರೆ ಕೇಳು! ಜಡೆ ಬಿಟ್ಕೊಂಡು ಓಡಾಡು!”

ಬೀಗದವನು ಮತ್ತೆ ಕೀಲಿ ಕೊರೆಯತೊಡಗಿದ. ತವರು ಉಳಿದಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

ಮರುದಿನ ಮಧ್ಯಾಹ್ನ ಒಂದು ಕೀಲಿಗೆ ಹಲ್ಲು ಕೊರೆಯುತ್ತಿದ್ದಾಗ ಫೋನ್ ಗುಂಯ್ ಎಂದಿತು. ‘ನಿಮ್ಮ ರಾಜಧಾನಿ ಬಿದ್ದಿದೆ. ನಿಮ್ಮ ಆಟ ಮುಗಿಯಿತು.’ ಗೆದ್ದವರ ಹೆಸರು ನೋಡಿದ. ಅಕ್ಕ! ನೋಡುತ್ತಿದ್ದಂತೆಯೇ ಫೋನ್ ರಿಂಗಾಯಿತು. ಅದೂ ಅಕ್ಕನದೇ.

“ಹೊರಗೆ ಹೋಗೋವಾಗ ಊರಿಗೆ ಬೀಗ ಹಾಕ್ಕೊಂಡು ಹೋಗ್ಬೇಕು ಅನ್ನೋದು ಗೊತ್ತಾಗಲ್ವೇನೋ? ಬೀಗದ ಅಂಗಡಿ ಬೇರೆ ಇಟ್ಕೊಂಡಿದೀಯ! ನನ್ನ ಕುದುರೆ ಸವಾರರು ಸೀದಾ ಒಳಗೆ ನಡೆದುಬಿಟ್ರು. ಕೇಳೋರೇ ಇಲ್ಲ!”

“ಕುದುರೆ ಎಲ್ಲಿತ್ತಕ್ಕಾ ನಿನ್ನ ಹತ್ರ?”

“ನೀನು ಕಳಿಸಿದ ಧಾನ್ಯದಲ್ಲೇ ಸಾಕ್ದೆ. ಇನ್ನೇನು, ಕೂಡಿಟ್ಟು ಹುಳ ಬೀಳಿಸ್ಲಾ?”

ಬೀಗದವನಿಗೆ ನಗು ಬಂತು. ಎರಡು ವರ್ಷದ ಮೇಲೆ ಅಕ್ಕ ಬೈಯುತ್ತಿದ್ದಾಳೆ. ಇಷ್ಟು ಸಂತೋಷ ಅವನಿಗೆ ಯಾವ ಯುದ್ಧ ಗೆದ್ದಾಗಲೂ ಆಗಿರಲಿಲ್ಲ.

“ಅಕ್ಕಾ, ಅಮ್ಮನ ಮಿಷನ್ನು... ನಿನ್ನ ಕೇಳ್ಬೇಕಾಗಿತ್ತು. ತಪ್ಪಾಯ್ತು.”

ಆ ಕಡೆ ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಹೂಂ. ಈಗ್ಲಾದ್ರೂ ಬಾಯಿಂದ ಬಂತಲ್ಲ. ನಾಳೆಯಿಂದ ನಿಂಗೆ ಸರದಿನೂ ಇಲ್ಲ, ಏನೂ ಇಲ್ಲ. ಮನೆ ಕಡೆ ಬಾ. ಹಿಂದಿನ ಬಾಗಿಲ ಬೀಗ ಬೀಳ್ತಿಲ್ಲ.”

“ಯಾವಾಗಿಂದ?”

“ಎರಡು ವರ್ಷ ಆಯ್ತು.”

“ಯಾರನ್ನಾದ್ರೂ ಕರೆಸಿ ಸರಿ ಮಾಡಿಸ್ಕೋಬಾರ್ದಿತ್ತಾ ಅಕ್ಕಾ?”

“ಮನೇಲೇ ಬೀಗದೋನು ಇರುವಾಗ ಹೊರಗಿನೋರನ್ನ ಯಾಕೋ ಕರೀಲಿ?”

ಅವನು ನಾಳೆಯವರೆಗೆ ಕಾಯಲಿಲ್ಲ. ಸಲಕರಣೆಯ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆಗೆ ಓಡಿದ. ಹಾಗೇ ತೆರೆದುಬಿಟ್ಟು ಹೋದ ಅಂಗಡಿಯನ್ನು ಕ್ಷೌರಿಕ ನೋಡಿದ. ಬಾಯಿಗೆ ಬಂದದ್ದೆಲ್ಲ ಬೈಯುತ್ತಾ ಷಟರ್ ಎಳೆದು ಬೀಗ ಹಾಕಿದ.